ನೂರು ವರ್ಷ ತುಂಬುವಷ್ಟರಲ್ಲಿ ಉಳಿಯುವುದೇನು?

2017ರ ಏಪ್ರಿಲ್ 23, ಭಾನುವಾರ ರಾತ್ರಿ ದೆಹಲಿಯ ಪ್ರಗತಿ ಮೈದಾನದಲ್ಲಿ ಯಂತ್ರಗಳು ಕೆಲಸ ಶುರುಮಾಡಿದವು. ಬೆಳಗಾಗುವಷ್ಟರಲ್ಲಿ ಹಾಲ್ ಆಫ್ ನೇಷನ್ಸ್ ಕಾಂಕ್ರೀಟು, ಕಂಬಿಗಳ ರಾಶಿಯಾಗಿತ್ತು. ಸ್ವಾತಂತ್ರ್ಯಕ್ಕೆ 25 ವರ್ಷ ತುಂಬಿದ ಸಂದರ್ಭದಲ್ಲಿ, 1972ರ ಏಷ್ಯಾ ವ್ಯಾಪಾರ ಮೇಳಕ್ಕೆಂದು ವಾಸ್ತುಶಿಲ್ಪಿ ರಾಜ್ ರೇವಾಲ್ ಮತ್ತು ಎಂಜಿನಿಯರ್ ಮಹೇಂದ್ರ ರಾಜ್ ರೂಪಿಸಿದ ಸಭಾಂಗಣ ಅದು. ಒಳಗೆ ಒಂದೇ ಒಂದು ಕಂಬವಿಲ್ಲದೆ 73 ಮೀಟರ್ ಅಗಲ. ಬೇರೆ ದೇಶಗಳಲ್ಲಿ ಉಕ್ಕಿನ ಕೊಳವೆಗಳಿಂದ ಹೆಣೆಯುತ್ತಿದ್ದ ಆ ಬಗೆಯ ಜಾಲವನ್ನು ಇಲ್ಲಿ ಕೂಲಿಯಾಳುಗಳು ಕೈಯಿಂದಲೇ ಕಾಂಕ್ರೀಟು ಸುರಿದು ನಿಲ್ಲಿಸಿದ್ದರು. ಉಕ್ಕು ದುಬಾರಿ, ಕೈಗಳು ಧಾರಾಳ ಎನ್ನುವ ಕಾಲ.

ಉಳಿಸಿಕೊಡಿ ಎಂದು ಹೋದವರಿಗೆ ಸಿಕ್ಕ ಉತ್ತರವನ್ನು ನಾವು ಮರೆಯಬಾರದು. ಸ್ವಾತಂತ್ರ್ಯಾನಂತರದ 62 ಕಟ್ಟಡಗಳನ್ನು ಪಾರಂಪರಿಕ ಪಟ್ಟಿಗೆ ಸೇರಿಸಿ ಎಂದು ಪರಂಪರೆ ಸಂರಕ್ಷಣೆಯ ಸಂಸ್ಥೆ ಇಂಟ್ಯಾಕ್ 2013ರಲ್ಲೇ ಕೇಳಿಕೊಂಡಿತ್ತು. ದೆಹಲಿಯ ಪಾರಂಪರಿಕ ಸಂರಕ್ಷಣಾ ಸಮಿತಿ ವರ್ಷಗಟ್ಟಲೆ ಸುಮ್ಮನಿದ್ದು, ಕೊನೆಗೆ ಅರವತ್ತು ತುಂಬದ ಕಟ್ಟಡಗಳನ್ನು ಪರಿಗಣಿಸುವುದಿಲ್ಲ ಎಂದಿತು. ಹಾಲ್ ಆಫ್ ನೇಷನ್ಸ್‌ಗೆ ಆಗಿನ್ನೂ 45. ಷಷ್ಟ್ಯಬ್ದಿ ಮಾಡಿಸಿಕೊಳ್ಳುವ ತನಕ ಬದುಕಿ ಬಂದರೆ ಆಮೇಲೆ ನೋಡೋಣ ಎಂದಂತಾಯಿತು. ಹೈಕೋರ್ಟಿನಲ್ಲಿ ಅರ್ಜಿ ವಜಾ ಆಯಿತು, ಕೆಲವೇ ದಿನಗಳಲ್ಲಿ ಕಟ್ಟಡ ಹೋಯಿತು. ಐದು ವರ್ಷಗಳ ನಂತರ, 2022ರಲ್ಲಿ, ನ್ಯೂಯಾರ್ಕಿನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್ ದಕ್ಷಿಣ ಏಷ್ಯಾದ ಸ್ವಾತಂತ್ರ್ಯೋತ್ತರ ವಾಸ್ತುಶಿಲ್ಪದ ದೊಡ್ಡ ಪ್ರದರ್ಶನ ಏರ್ಪಡಿಸಿದಾಗ ಅಲ್ಲಿ ಈ ಸಭಾಂಗಣಕ್ಕೂ ಜಾಗ ಸಿಕ್ಕಿತು. ನಮ್ಮ ನೆಲದ ಮೇಲೆ ಮಾತ್ರ ಇರಲಿಲ್ಲ.

ಹಳೆಯ ಸುದ್ದಿಯನ್ನು ಈಗ ಎತ್ತಿದ್ದಕ್ಕೆ ಕಾರಣ ಬೆಂಗಳೂರು. ದೆಹಲಿಯ ಸಮಿತಿ ಅರವತ್ತು ಕೇಳಿತು. ನಮ್ಮ ಕಾಯ್ದೆ ನೂರು ಕೇಳುತ್ತದೆ. ಕೇಂದ್ರದ 1958ರ ಕಾಯ್ದೆಯಾಗಲಿ, ರಾಜ್ಯದ 1961ರ ಕಾಯ್ದೆಯಾಗಲಿ, ಪ್ರಾಚೀನ ಸ್ಮಾರಕ ಎನಿಸಿಕೊಳ್ಳಲು ಕಟ್ಟಡಕ್ಕೆ ಕನಿಷ್ಠ ನೂರು ವರ್ಷ ಆಗಿರಬೇಕು. ಲೆಕ್ಕ ಹಾಕಿ ನೋಡಿ. 1963ರಲ್ಲಿ ಬಾಗಿಲು ತೆರೆದ ರವೀಂದ್ರ ಕಲಾಕ್ಷೇತ್ರ 2063ರ ತನಕ ಕಾಯಬೇಕು. ಎಂ.ಜಿ. ರಸ್ತೆಯ 25 ಅಂತಸ್ತಿನ ಪಬ್ಲಿಕ್ ಯುಟಿಲಿಟಿ ಬಿಲ್ಡಿಂಗ್ 2073ರ ತನಕ. ಬನ್ನೇರುಘಟ್ಟ ರಸ್ತೆಯ ಐಐಎಂ 2083ರ ತನಕ. 1956ರಲ್ಲಿ ಮುಗಿದ ವಿಧಾನಸೌಧಕ್ಕೂ ಇನ್ನೂ ವಯಸ್ಸಾಗಿಲ್ಲ. ಅದನ್ನು ಮುಟ್ಟುವ ಧೈರ್ಯ ಯಾರಿಗೂ ಇಲ್ಲವಾದ್ದರಿಂದ ಅದು ಬಚಾವ್. ಉಳಿದವುಗಳಿಗೆ ಆ ಅದೃಷ್ಟವಿಲ್ಲ.

ಅಪಾಯ ಎದುರಿಗೆ ಬಂದು ನಿಂತ ಮೇಲೆ ಸಹಿ ಸಂಗ್ರಹ, ಮೊಂಬತ್ತಿ, ತಡೆಯಾಜ್ಞೆ ಎಂದು ಓಡಾಡುವುದು ನಮಗೆ ಅಭ್ಯಾಸವಾಗಿದೆ. ಊರು ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರಂತೆ. ಹಾಗಾಗಿ ಈ ಬರಹ ಯಾವುದೇ ಒಂದು ಕಟ್ಟಡ ಬೀಳುತ್ತಿದೆ ಎಂದು ಕೂಗುವುದಕ್ಕಲ್ಲ. ಬೀಳಿಸುವ ತೀರ್ಮಾನ ಎಲ್ಲಿ, ಯಾವಾಗ, ಹೇಗೆ ಆಗುತ್ತದೆ ಎಂದು ತೋರಿಸುವುದಕ್ಕೆ. ಅದು ಜೆಸಿಬಿ ಬರುವ ದಿನ ಆಗುವುದಿಲ್ಲ; ಹತ್ತು ಹದಿನೈದು ವರ್ಷ ಮೊದಲೇ, ತಾರಸಿಯ ನೀರಿನ ಕೊಳವೆ ಕಟ್ಟಿಕೊಂಡ ದಿನವೇ ಆಗಿಬಿಟ್ಟಿರುತ್ತದೆ.

ಮೊದಲು, ನಮ್ಮಲ್ಲಿ ಏನಿದೆ ಎಂಬ ಮಾತು. ಬೆಂಗಳೂರಿನ ಪರಂಪರೆ ಎಂದರೆ ಕೆಂಪೇಗೌಡರ ಗೋಪುರ, ಟಿಪ್ಪುವಿನ ಬೇಸಿಗೆ ಅರಮನೆ, ದಂಡು ಪ್ರದೇಶದ ಬಂಗಲೆಗಳು ಎಂದು ಪಠ್ಯಪುಸ್ತಕ ಹೇಳುತ್ತದೆ. ಆಧುನಿಕ ವಾಸ್ತುಶಿಲ್ಪದ ಇತಿಹಾಸದಲ್ಲಿ ಈ ಊರಿಗಿರುವ ಜಾಗದ ಬಗ್ಗೆ ಅದರಲ್ಲಿ ಒಂದು ಸಾಲೂ ಇಲ್ಲ. 1939ರಲ್ಲಿ ಒಟ್ಟೊ ಕೋನಿಗ್ಸ್‌ಬರ್ಗರ್ ಎಂಬ ಬರ್ಲಿನ್ನಿನ ತರುಣ ಇಲ್ಲಿಗೆ ಬಂದರು. ಯಹೂದಿ ಮೂಲದವರು, ಹಿಟ್ಲರನ ಜರ್ಮನಿಯಲ್ಲಿ ಬದುಕಲಾಗದೆ ಈಜಿಪ್ಟಿಗೆ ಹೋಗಿ, ಅಲ್ಲಿಂದ ಬೆಂಗಳೂರಿಗೆ ಬಂದವರು. ಭೌತವಿಜ್ಞಾನಿ ಮ್ಯಾಕ್ಸ್ ಬಾರ್ನ್ ಇವರ ಸೋದರಮಾವ. ಆ ಬಾರ್ನ್ ಸಿ.ವಿ. ರಾಮನ್ ಕರೆಗೆ ಓಗೊಟ್ಟು ಅದಕ್ಕೂ ಕೆಲವು ವರ್ಷ ಮೊದಲು ಇಲ್ಲಿನ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ ಇದ್ದು ಹೋಗಿದ್ದರು. ದಿವಾನ್ ಮಿರ್ಜಾ ಇಸ್ಮಾಯಿಲ್ ಅವರ ಕಾಲದಲ್ಲಿ ಕೋನಿಗ್ಸ್‌ಬರ್ಗರ್ ಮೈಸೂರು ಸಂಸ್ಥಾನದ ಮುಖ್ಯ ವಾಸ್ತುಶಿಲ್ಪಿಯಾದರು. ದಿವಾನರ ಒಲವು ಗುಮ್ಮಟ, ಕಮಾನುಗಳ ಕಡೆಗೆ. ಇವರ ಚಿಂತೆಯೆಲ್ಲ ನೆರಳು, ಗಾಳಿ, ಮಳೆಯ ಇರಚಲು. ಆ ಜಗ್ಗಾಟದಲ್ಲಿ ಹುಟ್ಟಿದ ಕಟ್ಟಡಗಳು ಇವತ್ತಿಗೂ ಅದೇ ಟಾಟಾ ಇನ್‌ಸ್ಟಿಟ್ಯೂಟ್, ಅಂದರೆ ಐಐಎಸ್‌ಸಿ ಆವರಣದಲ್ಲಿವೆ. ವಿಮಾನ ಎಂಜಿನಿಯರಿಂಗ್ ವಿಭಾಗ, ಲೋಹವಿಜ್ಞಾನ ವಿಭಾಗ ಅವುಗಳಲ್ಲಿ ಮುಖ್ಯವಾದವು. ಮುಂದೆ ಅವರು ಭುವನೇಶ್ವರದ ನಕ್ಷೆ ಹಾಕಿದರು, ಲಂಡನ್ನಿಗೆ ಹೋಗಿ ಉಷ್ಣವಲಯದ ವಾಸ್ತುಶಿಲ್ಪ ಎಂಬ ವಿಷಯವನ್ನೇ ಒಂದು ಓದಾಗಿ ಬೆಳೆಸಿದರು. ಬಿಸಿಲಿನ ದೇಶದಲ್ಲಿ ಮನೆ ಕಟ್ಟುವುದು ಹೇಗೆ ಎಂದು ಜಗತ್ತಿಗೆ ಪಾಠ ಹೇಳಿದವರು ಅದನ್ನು ಕಲಿತದ್ದು ನಮ್ಮ ಬಿಸಿಲಿನಲ್ಲಿ. ಬಸವನಗುಡಿಯ ಕೃಷ್ಣರಾವ್ ಪಾರ್ಕಿನಲ್ಲಿ ಬೆಳಗಿನ ವಾಕಿಂಗ್ ಮುಗಿಸಿ ಅಲ್ಲಿನ ಮಂಟಪದ ಮೆಟ್ಟಿಲ ಮೇಲೆ ಕೂರುವ ಎಷ್ಟು ಮಂದಿಗೆ ಅದು ಇದೇ ಕೋನಿಗ್ಸ್‌ಬರ್ಗರ್ ಕೈಚಳಕ ಎಂದು ಗೊತ್ತು?

ಆಮೇಲೆ ಸಾರ್ವಜನಿಕ ಉದ್ದಿಮೆಗಳ ಕಾಲ. 1940ರ ಎಚ್‌ಎಎಲ್, 1948ರ ಐಟಿಐ, 1953ರ ಎಚ್‌ಎಂಟಿ, 1954ರ ಬಿಇಎಲ್, 1956ರ ಎನ್‌ಜಿಇಎಫ್. ಇವು ಬರೀ ಕಾರ್ಖಾನೆಗಳಲ್ಲ. ಕ್ವಾರ್ಟರ್ಸು, ಶಾಲೆ, ಆಸ್ಪತ್ರೆ, ಸಿನಿಮಾ ಮಂದಿರ, ಕನ್ನಡ ಸಂಘ ಎಲ್ಲ ಸೇರಿದ ಊರುಗಳು. ಬೆಂಗಳೂರಿನ ಕನ್ನಡ ಮಧ್ಯಮ ವರ್ಗದ ಅರ್ಧ ಚರಿತ್ರೆ ಬರೆದಿರುವುದು ಇವುಗಳ ಶೆಡ್ಡುಗಳಲ್ಲಿ, ಕ್ಯಾಂಟೀನುಗಳಲ್ಲಿ. ಕಾರ್ಖಾನೆಯ ಗರಗಸ ಹಲ್ಲಿನಂಥ ಮಾಡು ಇದೆಯಲ್ಲ, ಉತ್ತರದ ತಂಪು ಬೆಳಕನ್ನು ಮಾತ್ರ ಒಳಗೆ ಬಿಟ್ಟುಕೊಂಡು ಬಿಸಿಲನ್ನು ಹೊರಗೇ ನಿಲ್ಲಿಸುವುದು, ಅದನ್ನು ನಾವು ವಾಸ್ತುಶಿಲ್ಪ ಎಂದು ಕರೆಯುವುದೇ ಇಲ್ಲ. ಎನ್‌ಜಿಇಎಫ್ 2002ರಲ್ಲಿ ಮುಚ್ಚಿತು. ಬೈಯಪ್ಪನಹಳ್ಳಿಯ ಆ ಜಾಗ ನೂರು ಎಕರೆಗೂ ಮೇಲು, ಮೆಟ್ರೊಗೆ ಕೂಗಳತೆ. ಅಲ್ಲಿ ಮರಗಳ ಉದ್ಯಾನ ಮಾಡುತ್ತೇವೆ ಎಂದು ಸರ್ಕಾರ ಹೇಳಿದೆ, ಸಂತೋಷ. ಆದರೆ ಮರ ಎಂದಷ್ಟೇ ಹೇಳಿ ಶೆಡ್ಡು ಎಂದು ಹೇಳದಿದ್ದರೆ ಶೆಡ್ಡು ಗುಜರಿಗೆ ಹೋಗುತ್ತದೆ. ಗುಜರಿಯವರು ಮೊದಲು ನೋಡುವುದು ಅದರ ಉಕ್ಕನ್ನೇ.

ದೇಶದ ದೊಡ್ಡ ವಾಸ್ತುಶಿಲ್ಪಿಗಳೂ ಬಂದರು: ಚಾರ್ಲ್ಸ್ ಕೊರಿಯಾ ಇಲ್ಲಿ ಕಟ್ಟಿದ್ದಾರೆ, ಬಿ.ವಿ. ದೋಷಿ ಕಟ್ಟಿದ್ದಾರೆ. ಐಐಎಂ ಆವರಣ ದೋಷಿಯವರದು. ಫತೇಪುರ್ ಸಿಕ್ರಿಯ ಅಂಗಳಗಳನ್ನು ಮನಸ್ಸಿನಲ್ಲಿಟ್ಟುಕೊಂಡು ನಮ್ಮ ಒರಟು ಗ್ರಾನೈಟಿನಲ್ಲಿ ಕಟ್ಟಿದ್ದು. ಓಣಿಯಂಥ ಆ ಮೊಗಸಾಲೆಗಳಲ್ಲಿ ಮೇಲಿನ ಅಡ್ಡತೊಲೆಗಳ ನಡುವಿನಿಂದ ಬಿಸಿಲು ಪಟ್ಟೆಪಟ್ಟೆಯಾಗಿ ಇಳಿಯುತ್ತದೆ, ಬಳ್ಳಿ ಇಳಿಯುತ್ತದೆ. 'ತ್ರೀ ಈಡಿಯಟ್ಸ್' ಸಿನಿಮಾ ನೋಡಿದವರೆಲ್ಲ ಅದನ್ನು ನೋಡಿದ್ದಾರೆ. ದೋಷಿಯವರಿಗೆ 2018ರಲ್ಲಿ ಪ್ರಿಟ್ಸ್‌ಕರ್ ಪ್ರಶಸ್ತಿ ಬಂದಾಗ ನಾವೂ ಹೆಮ್ಮೆಪಟ್ಟೆವು. ಕೊರಿಯಾ ಅವರದು ಎಲ್‌ಐಸಿಗಾಗಿ ಕಟ್ಟಿದ ವಿಶ್ವೇಶ್ವರಯ್ಯ ಗೋಪುರ, ಅಂಬೇಡ್ಕರ್ ವೀಧಿಯಲ್ಲಿ, ವಿಧಾನಸೌಧದ ಹತ್ತಿರವೇ. ಫೈಲು ಹಿಡಿದು ಅಲ್ಲಿಯ ಲಿಫ್ಟಿಗೆ ಸಾಲು ನಿಂತವರಿಗೆ ಅದು ಬರೀ 'ವಿ.ವಿ. ಟವರ್'. ದೋಷಿಯ ಕಟ್ಟಡ ಸುರಕ್ಷಿತ ಅನಿಸುವುದಕ್ಕೂ ಕೊರಿಯಾದು ಅನಿಸದಿರುವುದಕ್ಕೂ ಕಾರಣ ಸರಳ. ಒಂದರ ಮಾಲೀಕರಿಗೆ ಅದರ ಬೆಲೆ ಗೊತ್ತು. ಇನ್ನೊಂದಕ್ಕೆ ಬಾಡಿಗೆದಾರ ಇಲಾಖೆಗಳಿವೆಯೇ ಹೊರತು ಅಭಿಮಾನಿಗಳಿಲ್ಲ. ಅಲ್ಲದೆ ಕಲ್ಲಿಗೆ ವಯಸ್ಸಾದರೆ ಚೆಂದ, ಕಾಂಕ್ರೀಟಿಗೆ ವಯಸ್ಸಾದರೆ ಕರೆ.

ಈ ಕಟ್ಟಡಗಳ ಮೇಲೆ ಜನಕ್ಕೆ ಪ್ರೀತಿ ಇಲ್ಲ ಎಂಬ ಮಾತನ್ನು ತಳ್ಳಿಹಾಕುವುದಿಲ್ಲ. ಬೋಳು ಗೋಡೆ, ಬೂದು ಬಣ್ಣ, ಕತ್ತಲೆ ಮೆಟ್ಟಿಲು, ಎಲೆಯಡಿಕೆ ಕಲೆ. ಸರ್ಕಾರಿ ಕಚೇರಿಯಲ್ಲಿ ಪಟ್ಟ ಪಾಡೆಲ್ಲ ಆ ಗೋಡೆಗೇ ಮೆತ್ತಿಕೊಂಡಿದೆ. ಆದರೆ ಅಭಿರುಚಿ ಒಂದು ತಲೆಮಾರು ತಡವಾಗಿ ಬರುತ್ತದೆ: ಅಜ್ಜನ ಕಾಲದ್ದು ಪರಂಪರೆ, ಅಪ್ಪನ ಕಾಲದ್ದು ಹಳೇ ಸಾಮಾನು. ಅಠಾರಾ ಕಚೇರಿಯನ್ನೇ ನೋಡಿ. ಇವತ್ತು ಕ್ಯಾಲೆಂಡರಿನ ಮೇಲೆ ಅಚ್ಚಾಗುವ ಆ ಕೆಂಪು ಕಟ್ಟಡವನ್ನು ಕೆಡವಿ ಹೊಸದು ಕಟ್ಟುವ ಯೋಚನೆ 1980ರ ದಶಕದಲ್ಲಿ ಇತ್ತು. ಕೆಲವರು ಕೋರ್ಟಿಗೆ ಹೋದರು, ಪತ್ರಿಕೆಗಳಲ್ಲಿ ಬರೆದರು, ಕಟ್ಟಡ ಉಳಿಯಿತು. ಆಗ ಅದನ್ನು ಹಳೇ ಬ್ರಿಟಿಷ್ ಕಟ್ಟಡ ಎಂದವರ ಮಕ್ಕಳೇ ಈಗ ಅದರ ಮುಂದೆ ಸೆಲ್ಫಿ ತೆಗೆದುಕೊಳ್ಳುತ್ತಾರೆ. ಚಂಡೀಗಢದ್ದು ಇನ್ನೂ ತಮಾಷೆ. ಪಿಯರ್ ಜೆನೆರೆ ಅಲ್ಲಿನ ಕಚೇರಿಗಳಿಗೆ ಮಾಡಿಸಿದ ತೇಗದ ಕುರ್ಚಿಗಳು ಮುರುಕಲು ಎಂದು ಹರಾಜಾದವು. ಅವೇ ಕುರ್ಚಿಗಳು ಯುರೋಪಿನ ಹರಾಜು ಕಟ್ಟೆಗಳಲ್ಲಿ ಲಕ್ಷಗಟ್ಟಲೆಗೆ ಹೋದವು. 2016ರಲ್ಲಿ ಅಲ್ಲಿನ ಕ್ಯಾಪಿಟಲ್ ಕಾಂಪ್ಲೆಕ್ಸ್ ಯುನೆಸ್ಕೊ ಪಟ್ಟಿ ಸೇರಿದಾಗ ಅದಕ್ಕೆ ನೂರಾಗಿರಲಿಲ್ಲ.

ಇನ್ನು ಸಾವಿನ ವಿವರ. 1960ರ ದಶಕದ ಯಾವುದಾದರೂ ಸರ್ಕಾರಿ ಕಟ್ಟಡದ ಹಿಂಭಾಗಕ್ಕೆ ಹೋಗಿ ಸಜ್ಜೆಯ ಅಡಿಯನ್ನು ನೋಡಿ. ಮೊದಲು ಒಂದು ಒದ್ದೆ ಕಲೆ, ಅಂಚಿನಲ್ಲಿ ಬಿಳಿ ಉಪ್ಪು. ಅದರ ಪಕ್ಕದಲ್ಲಿ ಕೂದಲೆಳೆಯಷ್ಟು ಬಿರುಕು, ಬಿರುಕಿನ ಬಾಯಲ್ಲಿ ತುಕ್ಕಿನ ಕಂದು. ಇನ್ನೆರಡು ಮಳೆಗಾಲ ಕಳೆದರೆ ಅಂಗೈಯಗಲದ ಹೊಪ್ಪಳೆ ಕಳಚಿ ಬೀಳುತ್ತದೆ. ಒಳಗಿನ ಕಂಬಿ ಹಲ್ಲು ಕಿರಿಯುತ್ತದೆ. ಮೇಸ್ತ್ರಿಗಳು ಇದನ್ನು 'ಕಂಬಿ ಬಿಟ್ಟಿದೆ' ಎನ್ನುತ್ತಾರೆ. ಆಗುವುದಿಷ್ಟು: ಹೊಸ ಕಾಂಕ್ರೀಟಿನ ಕ್ಷಾರ ಗುಣ ಕಂಬಿಗೆ ತುಕ್ಕು ಹಿಡಿಯದಂತೆ ಕಾಯುತ್ತಿರುತ್ತದೆ. ಗಾಳಿಯ ಇಂಗಾಲದ ಡೈಆಕ್ಸೈಡ್ ವರ್ಷಾನುವರ್ಷ ಒಳಗಿಳಿದು ಆ ಗುಣವನ್ನು ಕೊಲ್ಲುತ್ತದೆ. ಹಳೆಯ ಕಟ್ಟಡಗಳಲ್ಲಿ ಕಂಬಿಯ ಮೇಲಿನ ಕಾಂಕ್ರೀಟಿನ ಹೊದಿಕೆ ಅರ್ಧ, ಮುಕ್ಕಾಲು ಇಂಚು ಅಷ್ಟೇ. ಸಿಮೆಂಟು ಕಂಟ್ರೋಲಿನಲ್ಲಿದ್ದ ದಿನಗಳು, 1982ರ ತನಕ ಪರ್ಮಿಟ್ ಇಲ್ಲದೆ ಮೂಟೆ ಸಿಗುತ್ತಿರಲಿಲ್ಲ. ಎಲ್ಲದರಲ್ಲೂ ಕೈ ಬಿಗಿ. ನೀರು ತಾಗಿದ ಕಂಬಿ ತುಕ್ಕಾಗಿ ಎರಡರಿಂದ ಆರು ಪಟ್ಟು ಉಬ್ಬುತ್ತದೆ, ಹೊದಿಕೆಯನ್ನು ಒಡೆದು ಹೊರಗೆ ತಳ್ಳುತ್ತದೆ.

ಇದಕ್ಕೆ ಮದ್ದಿದೆ. ಸಡಿಲವಾದದ್ದನ್ನು ಕೆತ್ತಿ ತೆಗೆದು, ಕಂಬಿಯ ತುಕ್ಕು ಉಜ್ಜಿ, ಅದಕ್ಕೆ ರಕ್ಷಣೆಯ ಲೇಪ ಕೊಟ್ಟು, ಪಾಲಿಮರ್ ಗಾರೆ ತುಂಬುವುದು. ಇನ್ನೂ ಮುಂದುವರಿದಿದ್ದರೆ ಹೊಸ ಕಂಬಿ ಕಟ್ಟುವುದು. ಬೇರುಸಹಿತ ವಾಸಿಯಾಗಬೇಕೆಂದರೆ ಮೊದಲು ಮೇಲಿನ ನೀರನ್ನು ನಿಲ್ಲಿಸಬೇಕು. ತಾರಸಿಯ ಕೊಳವೆಯಿಂದ ಎಲೆ ತೆಗೆಯುವುದು, ಸಂದಿಯಲ್ಲಿ ಮೊಳೆತ ಅರಳಿ ಗಿಡವನ್ನು ಬೆರಳ ಗಾತ್ರದಲ್ಲಿದ್ದಾಗಲೇ ಕೀಳುವುದು, ಇಷ್ಟಕ್ಕೆ ಟೆಂಡರು ಬೇಡ, ಒಬ್ಬ ಆಳು ಸಾಕು. ಆದರೆ ನಮ್ಮ ವ್ಯವಸ್ಥೆಯಲ್ಲಿ ದುರಸ್ತಿಗೆ ದುಡ್ಡು ಹುಟ್ಟುವುದು ಕಷ್ಟ, ಹೊಸ ಕಟ್ಟಡಕ್ಕೆ ಹುಟ್ಟುವುದು ಸುಲಭ. ಕೊಳವೆಯ ಎಲೆ ತೆಗೆದದ್ದಕ್ಕೆ ಯಾರೂ ಟೇಪು ಕತ್ತರಿಸುವುದಿಲ್ಲ.

ಎರಡನೆಯ ಹಂತದಲ್ಲಿ ಕಟ್ಟಡದ ಮುಖ ಮುಚ್ಚುತ್ತಾರೆ. ಬಿಸಿಲು ತಡೆದು ಗಾಳಿ ಬಿಡಲೆಂದು ಇಟ್ಟಿದ್ದ ಕಾಂಕ್ರೀಟ್ ಜಾಲರಿಗೆ ಇಟ್ಟಿಗೆ ತುಂಬಿ ಎ.ಸಿ. ಡಬ್ಬ ನೇತುಹಾಕುತ್ತಾರೆ. ವರಾಂಡ ಮುಚ್ಚಿ ರೆಕಾರ್ಡ್ ರೂಮು ಮಾಡುತ್ತಾರೆ. ಮೊಸಾಯಿಕ್ ನೆಲದ ಮೇಲೆ ವಿಟ್ರಿಫೈಡ್ ಟೈಲ್ಸು ಬರುತ್ತದೆ. ಕೊನೆಗೆ ಇಡೀ ಮುಂಭಾಗಕ್ಕೆ ಅಲ್ಯುಮಿನಿಯಂನ ಎಸಿಪಿ ಶೀಟು ಹೊದಿಸಿದರೆ ಒಳಗಿನ ಬಿರುಕು ಯಾರಿಗೂ ಕಾಣುವುದಿಲ್ಲ, ಎಂಜಿನಿಯರಿಗೂ. ಈಗ ಅದನ್ನು ಪಾರಂಪರಿಕ ಕಟ್ಟಡ ಎಂದು ವಾದಿಸಲು ಹೋದವರು ಏನನ್ನು ತೋರಿಸಬೇಕು?

ಮೂರನೆಯದು ಒಂದೇ ಒಂದು ಪದ: ಅಸುರಕ್ಷಿತ. ಅದು ವರದಿಯಲ್ಲಿ ಬಂತೆಂದರೆ ಮುಗಿಯಿತು. ಜನರ ಜೀವ ದೊಡ್ಡದೋ ನಿಮ್ಮ ಕಾಂಕ್ರೀಟು ದೊಡ್ಡದೋ ಎಂಬ ಪ್ರಶ್ನೆಗೆ ಉತ್ತರ ಯಾರ ಹತ್ತಿರವೂ ಇಲ್ಲ, ಇರಬಾರದು ಕೂಡ. ಆದರೆ ಆ ವರದಿ ಕೊಟ್ಟವರು ಯಾರು, ಅವರನ್ನು ನೇಮಿಸಿದವರು ಯಾರು, ಅವರಿಗೆ ಕೇಳಿದ ಪ್ರಶ್ನೆ 'ಕೆಡವಬೇಕೇ' ಎಂದೋ 'ಉಳಿಸಲು ಏನು ಮಾಡಬೇಕು' ಎಂದೋ? ಪ್ರಶ್ನೆ ಯಾವುದೋ ಉತ್ತರ ಅದರಂತೆಯೇ ಬರುತ್ತದೆ.

ಅಹಮದಾಬಾದಿನ ಐಐಎಂ ಇದಕ್ಕೆ ಕಣ್ಣೆದುರಿನ ಪಾಠ. 1960ರ ದಶಕದಲ್ಲಿ ಅಮೆರಿಕದ ಲೂಯಿ ಕಾನ್ ಅದನ್ನು ಇಟ್ಟಿಗೆಯಲ್ಲಿ ಕಟ್ಟಿದರು. ಅವರನ್ನು ಕರೆತರುವುದರಲ್ಲಿ ದೋಷಿಯವರ ಕೈಯಿತ್ತು. 2001ರ ಭೂಕಂಪ, ಸೋರುವ ಮಾಡು, ಇಟ್ಟಿಗೆಯೊಳಗಿನ ತುಕ್ಕು ಕಂಬಿ, ಎಲ್ಲ ಸೇರಿ ಕಟ್ಟಡಗಳು ಬಿರುಕು ಬಿಟ್ಟವು. ವಾಸ್ತುಶಿಲ್ಪಿ ಬೃಂದಾ ಸೋಮಯ್ಯ ಅವರ ಸಂಸ್ಥೆ ಅಲ್ಲಿನ ವಿಕ್ರಂ ಸಾರಾಭಾಯಿ ಗ್ರಂಥಾಲಯವನ್ನು ಜೀರ್ಣೋದ್ಧಾರ ಮಾಡಿತು. 2019ರಲ್ಲಿ ಅದಕ್ಕೆ ಯುನೆಸ್ಕೊದ ಏಷ್ಯಾ-ಪೆಸಿಫಿಕ್ ಪ್ರಶಸ್ತಿಯೂ ಬಂತು. ಅದರ ಬೆನ್ನಿಗೇ, 2020ರ ಡಿಸೆಂಬರಿನಲ್ಲಿ, ಅದೇ ಆವರಣದ 18 ವಿದ್ಯಾರ್ಥಿನಿಲಯಗಳಲ್ಲಿ 14ನ್ನು ಕೆಡವಿ ಹೊಸದಾಗಿ ಕಟ್ಟುವ ಪ್ರಸ್ತಾವ ಹೊರಬಿತ್ತು. ಜಗತ್ತಿನ ನಾನಾ ಕಡೆಯಿಂದ ಪತ್ರಗಳು ಬಂದವು. ಜನವರಿ ಮೊದಲಲ್ಲೇ ಪ್ರಸ್ತಾವ ಹಿಂದಕ್ಕೆ ಹೋಯಿತು, ಎಲ್ಲರೂ ನಿಟ್ಟುಸಿರು ಬಿಟ್ಟರು. 2022ರ ನವೆಂಬರಿನಲ್ಲಿ ಅದು ಮತ್ತೆ ಬಂತು, ಈ ಸಲ ಸುರಕ್ಷತೆಯ ಹೆಸರಿನಲ್ಲಿ ಇನ್ನಷ್ಟು ಗಟ್ಟಿಯಾಗಿ. ಒಂದೇ ಆವರಣ, ಒಂದೇ ಇಟ್ಟಿಗೆ, ಒಬ್ಬನೇ ವಾಸ್ತುಶಿಲ್ಪಿ. ಒಂದಕ್ಕೆ ಪ್ರಶಸ್ತಿ, ಇನ್ನೊಂದಕ್ಕೆ ಹಾರೆ. ಎಚ್ಚರ ಒಂದು ಸಲ ಗೆದ್ದರೆ ಸಾಲದು ಎಂಬುದನ್ನೂ ಅಹಮದಾಬಾದ್ ತೋರಿಸಿಕೊಟ್ಟಿತು. ಪತ್ರ ಬರೆದವರು ತಮ್ಮ ಕೆಲಸಕ್ಕೆ ವಾಪಸಾದರು, ಫೈಲು ಮಾತ್ರ ಅಲ್ಲೇ ಕುಳಿತಿತ್ತು.

ಬೆಂಗಳೂರಿನಲ್ಲಿ ಫೈಲಿನ ಹಿಂದೆ ನೆಲದ ಬೆಲೆ ಇದೆ. ಮೂರು ಅಂತಸ್ತಿನ ಕಟ್ಟಡವಿರುವ ಜಾಗದಲ್ಲಿ ಇಪ್ಪತ್ತು ಏಳಬಹುದಾದರೆ ಆ ಮೂರು ಅಂತಸ್ತು ಲೆಕ್ಕದ ಪ್ರಕಾರ ನಷ್ಟವೇ. ನಿವೇಶನದಲ್ಲಿ ಎಷ್ಟು ಕಟ್ಟಬಹುದು ಎಂಬ ಮಿತಿಗೆ ಎಫ್‌ಎಆರ್ ಎನ್ನುತ್ತಾರೆ. ಅಗಲ ರಸ್ತೆಗೆ ಹೆಚ್ಚು ಎಫ್‌ಎಆರ್, ಮೆಟ್ರೊ ಹತ್ತಿರಕ್ಕೆ ಇನ್ನೂ ಹೆಚ್ಚು, ದುಡ್ಡು ಕಟ್ಟಿದರೆ ಅದರ ಮೇಲೆ ಇನ್ನಷ್ಟು. ಮೆಟ್ರೊ ಬೇಡ ಎನ್ನುವವರು ನಾವಲ್ಲ. ನಿಲ್ದಾಣದ ಹತ್ತಿರ ಹೆಚ್ಚು ಜನ ವಾಸಿಸಬೇಕು ಎಂಬ ನೀತಿಯೂ ಸರಿ. ಆದರೆ ಯಾವುದನ್ನು ಮುಟ್ಟಬಾರದು ಎಂಬ ಪಟ್ಟಿ ಇಲ್ಲದೆ ಎಲ್ಲಿ ಎಷ್ಟು ಏರಿಸಬಹುದು ಎಂಬ ಪಟ್ಟಿ ಮಾತ್ರ ಹೊರಡಿಸಿದರೆ ಆಗುವುದೇನೆಂದು ಊಹಿಸಲು ಜ್ಯೋತಿಷಿ ಬೇಕಿಲ್ಲ. ನಗರದ ಮಹಾಯೋಜನೆಯ ಸ್ಥಿತಿ ನೋಡಿ: 2007ರಲ್ಲಿ ಒಪ್ಪಿಗೆ ಪಡೆದ, 2015ಕ್ಕೆಂದು ಮಾಡಿದ ಯೋಜನೆಯನ್ನೇ ಇನ್ನೂ ಹಿಡಿದುಕೊಂಡಿದ್ದೇವೆ. 2031ರ ಕರಡು ಬಂದು ವಾಪಸಾಯಿತು. ಕಟ್ಟಡಗಳ ಚೆಂದ, ಬೀದಿಯ ನೋಟ ಕಾಯಲು ಒಂದು ಕಾಲಕ್ಕೆ ನಗರ ಕಲಾ ಆಯೋಗ ಎಂದು ಇತ್ತು. ಅದನ್ನು ಮುಚ್ಚಿ ಎರಡು ದಶಕ ದಾಟಿತು.

ಈಗ ಮತ್ತೊಂದು ಬದಲಾವಣೆ. 2025ರ ಸೆಪ್ಟೆಂಬರಿನಲ್ಲಿ ಬಿಬಿಎಂಪಿ ಹೋಗಿ ಗ್ರೇಟರ್ ಬೆಂಗಳೂರು ಪ್ರಾಧಿಕಾರ ಬಂತು, ಅದರಡಿ ಐದು ನಗರ ಪಾಲಿಕೆಗಳು. ಐದಕ್ಕೂ ಕಚೇರಿ ಬೇಕು, ಸಭಾಂಗಣ ಬೇಕು, ಎಲ್ಲಕ್ಕಿಂತ ಹೆಚ್ಚಾಗಿ ಆದಾಯ ಬೇಕು. ಆಸ್ತಿ ನಗದೀಕರಣ ಎಂಬ ಮಾತು ಕಿವಿಗೆ ಬಿದ್ದಾಗ ಮೊದಲು ನೆನಪಾಗುವುದು ಊರ ನಡುವಿನ ಹಳೆಯ ಮಾರುಕಟ್ಟೆ ಸಂಕೀರ್ಣ, ಸಿಬ್ಬಂದಿ ಕ್ವಾರ್ಟರ್ಸು, ಕಲ್ಯಾಣ ಮಂಟಪ. ಬಿಡಿಎ ತನ್ನ ಹಳೆಯ ವಾಣಿಜ್ಯ ಸಂಕೀರ್ಣಗಳನ್ನು ಖಾಸಗಿ ಪಾಲುದಾರಿಕೆಯಲ್ಲಿ ಹೊಸದಾಗಿ ಕಟ್ಟಿಸಲು ಹೊರಟಾಗ ಇಂದಿರಾನಗರ, ಕೋರಮಂಗಲದ ನಿವಾಸಿಗಳು ತಿರುಗಿಬಿದ್ದದ್ದು ಇತ್ತೀಚಿನ ಮಾತು. ಅವರ ತಕರಾರು ಬಹುಪಾಲು ಸಂಚಾರ, ನೀರು, ಮಾಲ್ ಕುರಿತಾಗಿತ್ತು, ನ್ಯಾಯವೇ. ಆದರೆ ತಗ್ಗಾದ ಆ ಸಂಕೀರ್ಣಗಳ ಒಳ ಅಂಗಳ, ಸುತ್ತ ನೆರಳಿನ ಜಗಲಿ, ಒಂದೇ ಸಾಲಿನಲ್ಲಿ ಪೋಸ್ಟಾಫೀಸು, ಹಾಲಿನ ಬೂತು, ಟೈಲರ್ ಅಂಗಡಿ ಇಡುವ ಉಪಾಯ ಇವೆಯಲ್ಲ, ಅದೂ ಒಂದು ವಾಸ್ತುಶಿಲ್ಪ ಎಂಬ ಮಾತು ಆ ಗದ್ದಲದಲ್ಲಿ ಕೇಳಲಿಲ್ಲ.

ಖಾಸಗಿಯವರ ಕಟ್ಟಡಗಳ ವಿಷಯ ಬೇರೆ, ಅಲ್ಲಿ ನೀತಿ ಬೋಧಿಸುವುದು ಸುಲಭ. 1968ರ ಕಪಾಲಿ ಚಿತ್ರಮಂದಿರ ಹೋಯಿತು. ಅರಮನೆ ಗುಟ್ಟಹಳ್ಳಿಯ ಹತ್ತಿರ, ಸ್ಯಾಂಕಿ ರಸ್ತೆಯಲ್ಲಿ 1974ರಿಂದ ಇದ್ದ ಕಾವೇರಿ 2024ರಲ್ಲಿ ಹೋಯಿತು. ಮೆಜೆಸ್ಟಿಕ್ಕಿನ ಥಿಯೇಟರುಗಳ ಹೆಸರು ಹೇಳುತ್ತ ಹೋದರೆ ಶ್ರಾದ್ಧದ ಮಂತ್ರದಂತೆ ಕೇಳುತ್ತದೆ. ಬಾಲ್ಕನಿಯ ಅಗಲ ಮೆಟ್ಟಿಲು, ಟೆರಾಜೊ ನೆಲ, ನಿಯಾನ್ ಅಕ್ಷರ ಎಲ್ಲ ನಮಗೆ ನೆನಪು. ಖಾಲಿ ಸೀಟು, ಕರೆಂಟು ಬಿಲ್ಲು, ಆಸ್ತಿ ತೆರಿಗೆ ಮಾಲೀಕರಿಗೆ. ಟಿಕೆಟ್ ಕೊಳ್ಳದ ನಾವು ಕಟ್ಟಡ ಉಳಿಸಿ ಎಂದರೆ ಅವರು ನಗುತ್ತಾರೆ. ಅವರಿಗೆ ಬೇಕಾದದ್ದು ಲೆಕ್ಕ. ಕಟ್ಟದೆ ಬಿಟ್ಟ ಅಂತಸ್ತುಗಳ ಹಕ್ಕನ್ನು ಬೇರೆಡೆ ಮಾರಿಕೊಳ್ಳಲು ಟಿಡಿಆರ್ ಎಂಬ ವ್ಯವಸ್ಥೆ ಕಾಗದದಲ್ಲಿ ಇದೆ. ರಸ್ತೆ ಅಗಲೀಕರಣದ ಹೆಸರಿನಲ್ಲಿ ಅದು ಪಡೆದ ಕುಖ್ಯಾತಿ, ಅರಮನೆ ಮೈದಾನದ ವಿಷಯದಲ್ಲಿ ಸುಪ್ರೀಂ ಕೋರ್ಟಿನವರೆಗೆ ಎಳೆದ ಜಗಳ ನೋಡಿದವರು ಆ ಕಾಗದವನ್ನು ನಂಬಿ ಕೂರುವುದು ಕಷ್ಟ. ಮೊದಲು ಒಬ್ಬ ಮಾಲೀಕನಿಗಾದರೂ ತಕರಾರಿಲ್ಲದೆ, ಸಕಾಲಕ್ಕೆ, ಮಾರಬಲ್ಲ ಟಿಡಿಆರ್ ಕೊಟ್ಟು ತೋರಿಸಲಿ. ಅಲ್ಲಿಯ ತನಕ ಖಾಸಗಿಯವರನ್ನು ಬೈಯುವ ನೈತಿಕ ಹಕ್ಕು ಸರ್ಕಾರಕ್ಕೂ ಇಲ್ಲ, ನಮಗೂ ಇಲ್ಲ.

ಹಾಗಾಗಿ ಸರ್ಕಾರ ತನ್ನ ಕಟ್ಟಡಗಳಿಂದಲೇ ಶುರುಮಾಡಬೇಕು. ಇದಕ್ಕೆ ಹೊಸ ಕಾನೂನು ಬೇಕಾಗಿಲ್ಲ. ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯಲ್ಲಿ ಪಾರಂಪರಿಕ ಕಟ್ಟಡವನ್ನು ಅದರ ವಾಸ್ತುಶಿಲ್ಪ, ಚರಿತ್ರೆ, ಸಂಸ್ಕೃತಿಯ ಮೌಲ್ಯದಿಂದ ಗುರುತಿಸಲು ಅವಕಾಶವಿದೆ. ಅಲ್ಲಿ ನೂರು ವರ್ಷದ ಷರತ್ತಿಲ್ಲ. ಆ ಬಾಗಿಲು ತೆರೆದೇ ಇದೆ, ಆಧುನಿಕ ಕಟ್ಟಡವನ್ನು ಹಿಡಿದು ಅದರೊಳಗೆ ಹೋದವರು ಕಡಿಮೆ. ಇಂಗ್ಲೆಂಡಿನಲ್ಲಿ ಮೂವತ್ತು ವರ್ಷ ದಾಟಿದ ಕಟ್ಟಡವನ್ನು ಪಟ್ಟಿಗೆ ಸೇರಿಸಬಹುದು. ಅಪಾಯದಲ್ಲಿದ್ದು ಅಸಾಧಾರಣವಾಗಿದ್ದರೆ ಅದಕ್ಕೂ ಮೊದಲೇ. ಅಮೆರಿಕದಲ್ಲಿ ಸಾಮಾನ್ಯವಾಗಿ ಐವತ್ತು. ಮುಂಬಯಿ 1995ರಲ್ಲೇ ಶ್ರೇಣಿ ಹಾಕಿ ಪಟ್ಟಿ ಮಾಡಿತು. ಅಲ್ಲಿನ ಓವಲ್ ಮೈದಾನ, ಮರೀನ್ ಡ್ರೈವಿನ ಆರ್ಟ್ ಡೆಕೊ ಕಟ್ಟಡಗಳು ವಿಕ್ಟೋರಿಯನ್ ಕಟ್ಟಡಗಳ ಜೊತೆ 2018ರಲ್ಲಿ ಯುನೆಸ್ಕೊ ಪಟ್ಟಿ ಸೇರಿದ್ದರ ಹಿಂದೆ ಅಲ್ಲಿನ ನಾಗರಿಕರ ವರ್ಷಗಳ ಓಡಾಟವಿದೆ. ಜನ ಈಗಲೂ ವಾಸಿಸುವ, ಬಟ್ಟೆ ಒಣಹಾಕುವ ಫ್ಲಾಟುಗಳು ಅವು. ಪಟ್ಟಿಗೆ ಸೇರಿದ್ದಕ್ಕೆ ಯಾರೂ ಮನೆ ಬಿಟ್ಟು ಓಡಲಿಲ್ಲ.

ಎಲ್ಲವನ್ನೂ ಉಳಿಸಿ ಎಂದು ಕೇಳುತ್ತಿಲ್ಲ. 1970ರ ದಶಕದಲ್ಲಿ ಕಟ್ಟಿದ್ದರಲ್ಲಿ ಬಹಳಷ್ಟು ಸಾಧಾರಣ, ಕೆಲವು ನಿಜಕ್ಕೂ ಕೆಟ್ಟವು. ಸರ್ಕಾರಿ ಕಚೇರಿಗಳ ಎಂ.ಎಸ್. ಬಿಲ್ಡಿಂಗಿನ ಪ್ರತಿ ಇಟ್ಟಿಗೆಯೂ ಉಳಿಯಬೇಕು ಎಂದು ನಾನು ಜಗಳವಾಡಲಾರೆ. ಆದರೆ ಆರಿಸುವುದಕ್ಕೆ ಮೊದಲು ಎಣಿಸಬೇಕು. ಮೂವತ್ತರ ದಶಕದಿಂದ ತೊಂಬತ್ತರವರೆಗಿನ ಸಾರ್ವಜನಿಕ ಕಟ್ಟಡಗಳ ತಾತ್ಕಾಲಿಕ ಪಟ್ಟಿಯೊಂದು ಹೊರಬರಲಿ. ಪಟ್ಟಿಯಲ್ಲಿರುವ ಕಟ್ಟಡ ಕೆಡವುವ ಟೆಂಡರಿಗೆ ಆರು ತಿಂಗಳು ಮೊದಲು ಸಾರ್ವಜನಿಕ ಪ್ರಕಟಣೆ ಕಡ್ಡಾಯವಾಗಲಿ. 'ಅಸುರಕ್ಷಿತ' ಎಂಬ ವರದಿಗೆ ಎರಡನೆಯ ಅಭಿಪ್ರಾಯ ಬೇಕು, ಅದೂ ಹಳೆಯ ಕಾಂಕ್ರೀಟು ದುರಸ್ತಿ ಮಾಡಿ ಕೈ ಪಳಗಿದವರಿಂದ. ದುರಸ್ತಿಯ ಅಂದಾಜು ವೆಚ್ಚ, ಹೊಸದಾಗಿ ಕಟ್ಟುವ ವೆಚ್ಚ ಎರಡನ್ನೂ ಪಕ್ಕಪಕ್ಕದಲ್ಲಿ ಬರೆದು ಜನರ ಮುಂದಿಡಲಿ. ಕೆಡವಿದ ಅವಶೇಷ ಯಾವ ಕೆರೆಯಂಗಳಕ್ಕೆ ಹೋಗಿ ಬೀಳುತ್ತದೆ ಎಂಬುದನ್ನೂ ಸೇರಿಸಿದರೆ ಲೆಕ್ಕ ಪೂರ್ತಿಯಾಗುತ್ತದೆ.

ಇದು ರಾಜಧಾನಿಯ ಕತೆ ಮಾತ್ರ ಎಂದುಕೊಂಡು ಹುಬ್ಬಳ್ಳಿ, ಮಂಗಳೂರು, ಮೈಸೂರಿನವರು ಪುಟ ತಿರುವಬೇಡಿ. ನಿಮ್ಮಲ್ಲೂ ಅರವತ್ತರ ದಶಕದ ಬಸ್ ನಿಲ್ದಾಣ, ಟೌನ್ ಹಾಲು, ಕಾಲೇಜು, ಟಾಕೀಸು ಇವೆ. ಬೆಂಗಳೂರು ಈಗಾಗಲೇ ಕಳೆದುಕೊಂಡದ್ದು ನಿಮ್ಮಲ್ಲಿ ಇನ್ನೂ ನಿಂತಿದೆ. ನೆಲದ ಬೆಲೆ ಅಲ್ಲಿಗೆ ಬಂದು ಮುಟ್ಟಲು ಸ್ವಲ್ಪ ಸಮಯವಿದೆ, ಅಷ್ಟೇ.

ಎಲ್ಲಕ್ಕಿಂತ ತುರ್ತಾದದ್ದು ಯಾರೂ ಕೇಳದ ಒಂದು ಸಂಗತಿ: ನಕ್ಷೆಗಳು. ಲೋಕೋಪಯೋಗಿ ಇಲಾಖೆ, ಬಿಡಿಎ, ವಸತಿ ಮಂಡಳಿ, ಮುಚ್ಚಿಹೋದ ಕಾರ್ಖಾನೆಗಳ ಎಸ್ಟೇಟ್ ವಿಭಾಗ, ಇವರೆಲ್ಲರ ಕಪಾಟುಗಳಲ್ಲಿ ಈ ಕಟ್ಟಡಗಳ ಮೂಲ ರೇಖಾಚಿತ್ರಗಳು ಸುರುಳಿ ಸುತ್ತಿಕೊಂಡು ಬಿದ್ದಿರಬೇಕು. ಯಾವ ತೊಲೆಯಲ್ಲಿ ಎಷ್ಟು ಕಂಬಿ, ಯಾವ ಗಾತ್ರದ್ದು, ಬುನಾದಿ ಎಷ್ಟು ಆಳ ಎಂದು ಹೇಳುವುದು ಆ ಹಾಳೆಗಳು ಮಾತ್ರ. ಅವು ಕೈಗೆ ಸಿಕ್ಕರೆ ಎಂಜಿನಿಯರಿಗೆ ದುರಸ್ತಿಯ ದಾರಿ ಕಾಣುತ್ತದೆ. ಸಿಗದಿದ್ದರೆ ಅಂದಾಜಿನ ಮೇಲೆ ಸಹಿ ಹಾಕಲು ಯಾವ ಎಂಜಿನಿಯರೂ ಒಪ್ಪುವುದಿಲ್ಲ, ಕೆಡವಿ ಎನ್ನುವುದೇ ಅವರಿಗೆ ಕ್ಷೇಮ. ಕಚೇರಿ ಸ್ಥಳಾಂತರದ ದಿನ ಹಳೆಯ ಕಡತಗಳು ಹೋಗುವ ಜಾಗ ಎಲ್ಲರಿಗೂ ಗೊತ್ತು. ಐದು ಹೊಸ ಪಾಲಿಕೆಗಳು ಕಪಾಟು ಹಂಚಿಕೊಳ್ಳುವ ಹೊತ್ತಿನಲ್ಲಿ ಆ ಸುರುಳಿಗಳನ್ನು ತೂಕಕ್ಕೆ ಹಾಕಬೇಡಿ, ಸ್ಕ್ಯಾನ್ ಮಾಡಿ ಒಂದು ಕಡೆ ಇಡಿ ಎಂದು ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಮುಖ್ಯ ಆಯುಕ್ತರು ಈ ವಾರವೇ ಒಂದು ಸುತ್ತೋಲೆ ಹೊರಡಿಸಬಹುದು. ಅದಕ್ಕೆ ಬೇಕಾಗುವುದು ಒಂದು ಪುಟ ಮತ್ತು ಒಂದು ಸಹಿ.